ಮಳೆಗಾಲದಲ್ಲಿ ಯಾರೂ ನೋಡದ ಪದವು: ಒಂದು ಅರಣ್ಯ ಕಡತದ ಪ್ರಕರಣ ಅಧ್ಯಯನ

ಉಡುಪಿ ಜಿಲ್ಲೆಯ ಒಂದು ಪದವಿನಲ್ಲಿ, ಎಂದರೆ ಕಲ್ಲು ಬಯಲಿನಲ್ಲಿ, ಗಿಡ ನೆಡಬೇಕಾ, ಬೇಡವಾ? ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಒಬ್ಬ ವಲಯ ಅರಣ್ಯಾಧಿಕಾರಿ ಹೊರಟರು. ಅವರು ಎಲ್ಲೆಲ್ಲಿ ಹುಡುಕಿದರು, ಏನು ಸಿಕ್ಕಿತು, ಸಿಕ್ಕಿದ್ದರಲ್ಲಿ ಯಾವುದು ಕೆಲಸಕ್ಕೆ ಬಂತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಈ ವಿಷಯದಲ್ಲಿ ಮಾಹಿತಿ ಕೊಡುವ ಜಾಗದಲ್ಲಿ ನಾನಿದ್ದೆ, ಆದ್ದರಿಂದ ತಪ್ಪುಗಳಲ್ಲಿ ನನ್ನ ಪಾಲೂ ಉಂಟು. ಗುರುತು ಸಿಗಬಾರದೆಂದು ಊರು, ಹೆಸರು, ವರ್ಷ, ಜಾಗದ ಅಳತೆ ಎಲ್ಲ ಬಿಟ್ಟಿದ್ದೇನೆ. ಸಂಬಂಧಪಟ್ಟ ಇಬ್ಬರು ಓದಿ ಒಪ್ಪಿದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ.

ಹಿನ್ನೆಲೆ

ಪದವು ಎಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆ, ಇಂಗ್ಲಿಷ್‌ನಲ್ಲಿ ಲ್ಯಾಟರೈಟ್) ದೊಡ್ಡ ಬಯಲು. ಮೇಲೆ ಮಣ್ಣು ಬೆರಳಷ್ಟು, ಎಷ್ಟೋ ಕಡೆ ಅದೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿದಾಗ ಕಲ್ಲಿನ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಇಂಥ ನೀರಿನ ಹೊಂಡಕ್ಕೆ ನಮ್ಮಲ್ಲಿ ಪಳ್ಳ ಎನ್ನುತ್ತಾರೆ. ಮಣಿಪಾಲದ ಹೆಸರೇ ಮಣ್ಣಪಳ್ಳದಿಂದ ಬಂತು ಎಂದು ಹಿರಿಯರು ಹೇಳುತ್ತಾರೆ. ಆ ನಾಲ್ಕು ತಿಂಗಳಲ್ಲಿ ಪದವು ಪೂರ್ತಿ ಬೇರೆ ಆಗುತ್ತದೆ. ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯಂಥ ತಲೆಯ ಎರಿಯೋಕಾಲಾನ್, ಅಂಟು ಹನಿಗಳಿಂದ ಹುಳ ಹಿಡಿಯುವ ಡ್ರೊಸೆರಾ. ಯುಟ್ರಿಕ್ಯುಲೇರಿಯಾವೂ ಕೀಟಾಹಾರಿಯೇ, ಅದರ ಬಲೆ ನೀರಿನ ಕೆಳಗೆ ಸಣ್ಣ ಚೀಲದ ಹಾಗೆ ಇರುತ್ತದೆ. ಕಲ್ಲಿನಲ್ಲಿ ಸಾರ ಇಲ್ಲ, ಹಾಗಾಗಿ ಈ ಎರಡು ಗಿಡಗಳು ಹುಳ ತಿಂದು ಬದುಕುವುದನ್ನು ಕಲಿತಿವೆ. ಮಳೆ ನಿಂತ ಮೇಲೆ ಇವೆಲ್ಲ ಬೀಜವಾಗಿ ಮಾಯ. ಡಿಸೆಂಬರ್ ಬಂದರೆ ಕರಿ ಕಲ್ಲು, ಒಣ ಹುಲ್ಲು ಅಷ್ಟೇ.

ನಮ್ಮ ಪದವು ಅರಣ್ಯ ಇಲಾಖೆಯ ಜಾಗ. ದಾಖಲೆಯಲ್ಲಿ ‘ಕ್ಷೀಣಿಸಿದ ಅರಣ್ಯ’. ಒಂದು ಪಕ್ಕದಲ್ಲಿ ಹಳೆಯ ಅಕೇಶಿಯಾ ತೋಪು. ಕರಾವಳಿಯ ಬೋಳು ಗುಡ್ಡಗಳನ್ನು ಹಸಿರು ಮಾಡಲು 1980ರ ದಶಕದಿಂದ ಅಕೇಶಿಯಾ ನೆಟ್ಟದ್ದನ್ನು ನಾವೆಲ್ಲ ನೋಡಿದವರೇ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರ. ಬಡ ನೆಲದಲ್ಲೂ ಬೇಗ ಬೆಳೆಯುತ್ತದೆ, ಸೌದೆಗೆ ಆಗುತ್ತದೆ. ಆ ಕಾಲದ ಅಧಿಕಾರಿಗಳು ಕೆಟ್ಟ ಮನಸ್ಸಿನಿಂದ ನೆಟ್ಟರು ಎಂದು ನಾನು ಹೇಳುವುದಿಲ್ಲ. ಅವರ ಕೈಯಲ್ಲಿದ್ದ ಮಾಹಿತಿ ಅಷ್ಟೇ ಇತ್ತು.

ಇನ್ನೊಂದು ಲೆಕ್ಕ ಹೇಳಬೇಕು. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಎರಡು ವರ್ಷಕ್ಕೊಮ್ಮೆ ಕೊಡುವ ವರದಿಯಲ್ಲಿ, ಒಂದು ಹೆಕ್ಟೇರ್‌ಗೆ ಕಡಿಮೆ ಇಲ್ಲದ ಜಾಗದಲ್ಲಿ ಮರದ ನೆರಳು ಶೇ. 10 ಅಥವಾ ಜಾಸ್ತಿ ಇದ್ದರೆ ಅದು ಅರಣ್ಯ ಹೊದಿಕೆ. ನೆಡುತೋಪೂ ಅದರಲ್ಲಿ ಬರುತ್ತದೆ. ಮರವೇ ಇಲ್ಲದ ಪದವು ಎಷ್ಟು ಜೀವ ತುಂಬಿಕೊಂಡಿದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ದೇಶದ ಮೂರನೇ ಒಂದು ಭಾಗ ಅರಣ್ಯ ಅಥವಾ ಮರಗಳಿಂದ ಕೂಡಿರಬೇಕು ಎನ್ನುತ್ತದೆ. ಆ ಗುರಿ ಮೇಲಿನಿಂದ ಇಳಿದು ಇಳಿದು ವಲಯ ಕಚೇರಿಗೆ ಬರುವಾಗ ‘ಇಷ್ಟು ಹೆಕ್ಟೇರ್, ಇಷ್ಟು ಸಸಿ’ ಎಂಬ ಸಂಖ್ಯೆಯಾಗಿರುತ್ತದೆ.

ಪ್ರಶ್ನೆ ಎದ್ದದ್ದು

ಮುಂದಿನ ಮಳೆಗಾಲದ ನೆಡುತೋಪಿಗೆ ಜಾಗ ಆರಿಸುವುದು ಚಳಿಗಾಲ ಮುಗಿಯುವ ಹೊತ್ತಿಗೆ. ಗುಂಡಿ ತೋಡುವ ಮುಂಗಡ ಕೆಲಸ ಬೇಸಿಗೆಯಲ್ಲಿ. ಸಸಿಗಳಂತೂ ಅದಕ್ಕೂ ಮೊದಲೇ ನರ್ಸರಿಯಲ್ಲಿ ಚೀಲ ತುಂಬಿ ಕೂತಿರುತ್ತವೆ. ನಮ್ಮ ಅಧಿಕಾರಿ ಜಾಗ ನೋಡಲು ಹೋದದ್ದು ಫೆಬ್ರವರಿಯಲ್ಲಿ. ಕಂಡದ್ದು ಬರೀ ಕಲ್ಲು. ಪಟ್ಟಿಗೆ ಸೇರಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ.

ಹಿಂದೆ ತಿರುಗಿ ನೋಡಿದರೆ ಇಡೀ ಪ್ರಕರಣದ ಬೇರು ಇಲ್ಲಿದೆ ಎನಿಸುತ್ತದೆ. ಪದವಿನ ಬಗ್ಗೆ ತೀರ್ಮಾನ ಆಗುವುದು ಅದು ಸತ್ತ ಹಾಗೆ ಕಾಣುವ ತಿಂಗಳುಗಳಲ್ಲಿ. ವಿಜ್ಞಾನಿಗಳು ಅಲ್ಲಿಗೆ ಹೋಗುವುದು ಅದು ಅರಳುವ ತಿಂಗಳುಗಳಲ್ಲಿ. ಇಬ್ಬರೂ ಒಂದೇ ನೆಲದ ಮೇಲೆ ನಿಂತಿರುತ್ತಾರೆ, ಆದರೆ ಒಂದೇ ದಿನ ಅಲ್ಲ.

ಪ್ರಶ್ನೆ ಎತ್ತಿದವರು ಒಬ್ಬ ಗಸ್ತು ಅರಣ್ಯ ಪಾಲಕರು. ಬಯಲುಸೀಮೆಯ ಹುಡುಗ, ಕೆಲಸಕ್ಕೆ ಸೇರಿ ಕರಾವಳಿಗೆ ಬಂದು ಎರಡು ವರ್ಷ. ಹಿಂದಿನ ಆಗಸ್ಟ್‌ನಲ್ಲಿ ಗಸ್ತಿಗೆ ಹೋದಾಗ ಪದವು ಪೂರ್ತಿ ನೀಲಿಯಾಗಿದ್ದನ್ನು ಕಂಡು ಮೊಬೈಲ್‌ನಲ್ಲಿ ವಿಡಿಯೋ ಮಾಡಿದ್ದರು. ಊರಿನಲ್ಲಿರುವ ಅಮ್ಮನಿಗೆ ತೋರಿಸಲಿಕ್ಕೆ ಮಾಡಿದ್ದಂತೆ. ಪಟ್ಟಿಯಲ್ಲಿ ಆ ಜಾಗದ ಹೆಸರು ನೋಡಿ, ಹಿಂಜರಿಯುತ್ತಲೇ ಅಧಿಕಾರಿಗೆ ತೋರಿಸಿದರು. "ಸರ್, ಇಲ್ಲಿ ಜೆಸಿಬಿ ಓಡಿಸಿದ್ರೆ ಇದು ಮತ್ತೆ ಬರ್ತದಾ?"

ಅಧಿಕಾರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡು ಹುಡುಕಲು ಹೊರಟದ್ದು ಅವರ ದೊಡ್ಡತನ.

ಅವರು ಎಲ್ಲೆಲ್ಲಿ ಹುಡುಕಿದರು

ಇದನ್ನು ನಾನು ಆಮೇಲೆ ಅವರ ಹತ್ತಿರ ಕೂತು ಒಂದೊಂದಾಗಿ ಕೇಳಿ ಬರೆದುಕೊಂಡೆ. ಮೊದಲು ಫೋನ್ ಮಾಡಿದ್ದು ತಮ್ಮ ಜೊತೆ ತರಬೇತಿ ಪಡೆದ ಗೆಳೆಯರಿಗೆ. ಅವರು ಬೇರೆ ಜಿಲ್ಲೆಯಲ್ಲಿ ವಲಯಾಧಿಕಾರಿ. "ನಮ್ಮಲ್ಲೂ ಹಾಗೇ ನೆಟ್ಟಿದ್ದೇವೆ, ಏನೂ ಆಗ್ಲಿಲ್ಲ" ಎಂಬ ಉತ್ತರ ಬಂತು. ಆಮೇಲೆ ನಿವೃತ್ತರಾದ ಹಿರಿಯರೊಬ್ಬರಿಗೆ. ಆಮೇಲೆ ವಿಭಾಗದ ಕಾರ್ಯ ಯೋಜನೆ ತೆಗೆದು ನೋಡಿದರು. ಹತ್ತು ವರ್ಷಕ್ಕೊಮ್ಮೆ ತಯಾರಾಗುವ ಆ ದಪ್ಪ ಪುಸ್ತಕದಲ್ಲಿ ಮರಗಳ ಬಗ್ಗೆ ಬೇಕಾದಷ್ಟು ಇತ್ತು, ಪದವಿನ ಬಗ್ಗೆ ಒಂದು ಸಾಲು. ಕಲ್ಲು ಪ್ರದೇಶ, ಸಸ್ಯ ವಿರಳ.

ನಾಲ್ಕನೆಯದಾಗಿ ಗೂಗಲ್. ಕನ್ನಡದಲ್ಲಿ ಹುಡುಕಿದರೆ ಮುರಕಲ್ಲು ಮಾರುವವರ ಜಾಹೀರಾತು. ಇಂಗ್ಲಿಷ್‌ನಲ್ಲಿ ಹುಡುಕಿದಾಗ ಸಂಶೋಧನಾ ಲೇಖನಗಳು ಸಿಕ್ಕವು, ಆದರೆ ಸುಮಾರು ಲೇಖನಗಳಿಗೆ ಬೀಗ. ದುಡ್ಡು ಕಟ್ಟಿದರೆ ಮಾತ್ರ ಪೂರ್ತಿ ಓದಬಹುದು, ಇಲ್ಲವಾದರೆ ಬರೀ ಸಾರಾಂಶ. ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರ ಜನವರಿಯಲ್ಲಿ ಶುರುವಾಗಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜು ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಸಿಗುವ ಹಾಗಾಗಿದೆ. ಒಳ್ಳೆಯ ಕೆಲಸ. ಆದರೆ ಕಾಡಿನ ಬಗ್ಗೆ ದಿನಾ ತೀರ್ಮಾನ ಮಾಡುವ ವಲಯ ಕಚೇರಿಯ ಕಂಪ್ಯೂಟರ್‌ಗೆ ಅದು ಇನ್ನೂ ತಲುಪಬೇಕು. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ.

ಬೀಗ ಇಲ್ಲದ ಒಂದು ಲೇಖನ ಅವರ ಕಣ್ಣಿಗೆ ಬಿತ್ತು. 2016ರಲ್ಲಿ ಪ್ಲಾಸ್ ಒನ್ ಎಂಬ ಮುಕ್ತ ನಿಯತಕಾಲಿಕೆಯಲ್ಲಿ ಬಂದದ್ದು. ಮಣಿಪಾಲದ ಮುರಕಲ್ಲಿನ ನೆಲದಲ್ಲಿ ಸಿಕ್ಕ ಹೊಸ ಕಪ್ಪೆ, ಮೈಕ್ರೋಹೈಲಾ ಲ್ಯಾಟರೈಟ್. ಉದ್ದ ಸುಮಾರು 1.6 ಸೆಂಟಿಮೀಟರ್. ತಮ್ಮದೇ ಜಿಲ್ಲೆಯ, ಜನ ತುಂಬಿದ ಊರಿನ ಪಕ್ಕದ ಕಲ್ಲಿನಲ್ಲಿ, ವಿಜ್ಞಾನಕ್ಕೆ ಗೊತ್ತಿಲ್ಲದ ಒಂದು ಕಪ್ಪೆ ಅಲ್ಲಿಯವರೆಗೆ ಸುಮ್ನೆ ಕೂಗಿಕೊಂಡಿತ್ತು ಎಂಬುದು ಅವರನ್ನು ಅಲುಗಾಡಿಸಿತು. "ಮೇಡಂ, ಅದನ್ನು ಓದಿದ ಮೇಲೆಯೇ ನಿಮಗೆ ಫೋನ್ ಮಾಡುವ ಧೈರ್ಯ ಬಂದದ್ದು" ಎಂದರು.

ಈ ಹುಡುಕಾಟದ ದಾರಿ ಇವರೊಬ್ಬರದ್ದಲ್ಲ. 2004ರಲ್ಲಿ ಆಂಡ್ರ್ಯೂ ಪುಲ್ಲಿನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಸಂರಕ್ಷಣೆಯ ಯೋಜನೆ ಮಾಡುವವರನ್ನು ವಿಚಾರಿಸಿದಾಗಲೂ ಇದೇ ಕಂಡಿತ್ತು. ಹೆಚ್ಚಿನ ತೀರ್ಮಾನಗಳು ಅನುಭವದ ಮೇಲೆ, ಹಿಂದಿನಿಂದ ಬಂದ ಪದ್ಧತಿಯ ಮೇಲೆ ನಿಂತಿದ್ದವು. ಸಂಶೋಧನೆಯನ್ನು ಹುಡುಕಿ ತೂಗಿ ನೋಡಲು ಅವರಿಗೂ ಹೊತ್ತು ಇರಲಿಲ್ಲ.

ನಮ್ಮ ಮೊದಲ ತಪ್ಪು

ಫೋನ್ ಬಂದಾಗ ನನಗೆ ತುಂಬ ಖುಷಿಯಾಯಿತು. ಅಧಿಕಾರಿಯೊಬ್ಬರು ತಾವಾಗಿ ಕೇಳುತ್ತಿದ್ದಾರೆ! ನಾನು ಮತ್ತು ನನ್ನ ಸಹೋದ್ಯೋಗಿ ವಾರ ಪೂರ್ತಿ ಕೂತು ಹನ್ನೊಂದು ಪಿಡಿಎಫ್ ಒಟ್ಟು ಮಾಡಿದೆವು. ಜೊತೆಗೆ ಹದಿನಾಲ್ಕು ಪುಟದ ಟಿಪ್ಪಣಿ, ಇಂಗ್ಲಿಷ್‌ನಲ್ಲಿ. ಕೇರಳ, ಗೋವಾ, ಮಹಾರಾಷ್ಟ್ರದ ಮುರಕಲ್ಲು ಬಯಲುಗಳ ಅಧ್ಯಯನ ಎಲ್ಲ ಅದರಲ್ಲಿ ಇತ್ತು. ಇಮೇಲ್ ಮಾಡಿ ಕಾದೆವು.

ಮೂರು ವಾರ ಉತ್ತರ ಇಲ್ಲ.

ಕೇಳಿದ್ದು ಬರೀ ಮಾತಿಗೆ ಅಂತ ನನಗೆ ಅನಿಸಿತು. ಸಹೋದ್ಯೋಗಿಗಂತೂ ಸಿಟ್ಟೇ ಬಂತು. ಆಮೇಲೆ ಗೊತ್ತಾದದ್ದು ಬೇರೆ. ಅದು ಬೆಂಕಿಯ ಕಾಲ. ಅಧಿಕಾರಿ ರಾತ್ರಿ ಎಲ್ಲ ಕಾಳ್ಗಿಚ್ಚಿನ ಹಿಂದೆ ಓಡಾಡುತ್ತಿದ್ದರು. ಇಮೇಲನ್ನು ಮೊಬೈಲ್‌ನಲ್ಲೇ ತೆರೆದಿದ್ದರು. ಎರಡು ಕಾಲಮಿನ ಪುಟಗಳನ್ನು ಬೆರಳಿನಲ್ಲಿ ಹಿಗ್ಗಿಸಿ ಓದಲು ನೋಡಿ ಬಿಟ್ಟಿದ್ದರು. ಕಡತದಲ್ಲಿ ಟಿಪ್ಪಣಿ ಬರೆಯಬೇಕಾದದ್ದು ಕನ್ನಡದಲ್ಲಿ. "ನೀವು ಕೊಟ್ಟದ್ದೆಲ್ಲ ಸರಿ ಮೇಡಂ. ಆದರೆ ಮೇಲಿನವರಿಗೆ ನಾನು ಏನು ಬರೆಯಲಿ, ಅದು ಅದರಲ್ಲಿ ಇರಲಿಲ್ಲ."

ಆ ಮೂರು ವಾರದಲ್ಲಿ ಪದವಿನ ಉತ್ತರ ಮೂಲೆಯಲ್ಲಿ ಗುಂಡಿ ತೋಡಿ ಆಗಿತ್ತು. ಕೆಲಸದ ಆದೇಶ ಮೊದಲೇ ಹೋಗಿತ್ತು, ತಡೆಯಲು ಅವರ ಕೈಯಲ್ಲಿ ಕಾಗದ ಇರಲಿಲ್ಲ. ನಾವು ಮೊದಲ ವಾರದಲ್ಲೇ ಒಂದು ಪುಟ ಕನ್ನಡದಲ್ಲಿ ಬರೆದು ಕೊಟ್ಟಿದ್ದರೆ ಆ ಮೂಲೆ ಉಳಿಯುತ್ತಿತ್ತೋ ಏನೋ. ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಒಂದು ಪುಟ

ಎರಡನೇ ಸಲ ನಾವು ಏನನ್ನೂ ಕಳಿಸಲಿಲ್ಲ. ವಲಯ ಕಚೇರಿಗೇ ಹೋದೆವು. ನಿಮ್ಮ ಪ್ರಶ್ನೆ ಏನು ಎಂದು ಕೇಳಿ ಬರೆದುಕೊಂಡೆವು. ನಾಲ್ಕು ಪ್ರಶ್ನೆ ಬಂತು. ಮುರಕಲ್ಲು ಒಡೆದು ನೆಟ್ಟರೆ ಮಳೆಗಾಲದ ಗಿಡಗಳು ಉಳಿಯುತ್ತವಾ? ಇಲ್ಲಿ ನೆಡದಿದ್ದರೆ ಗುರಿಯ ಹೆಕ್ಟೇರ್ ಎಲ್ಲಿ ತೋರಿಸುವುದು? ಸುಮ್ನೆ ಬಿಟ್ಟ ಜಾಗವನ್ನು ಯಾರಾದರೂ ಒತ್ತುವರಿ ಮಾಡಿದರೆ? ಏನೂ ಮಾಡಲಿಲ್ಲ ಎಂದು ಆಡಿಟ್‌ನವರು ಬರೆದರೆ?

ವಿಜ್ಞಾನದಲ್ಲಿ ಉತ್ತರ ಇದ್ದದ್ದು ಮೊದಲನೆಯದಕ್ಕೆ ಮಾತ್ರ, ಅದೂ ಅರ್ಧ. ಹದಿನಾಲ್ಕು ಪುಟದಲ್ಲಿ ನಾವು ಆ ಒಂದಕ್ಕೇ ಉತ್ತರ ಕೊಡುತ್ತಾ ಹೋಗಿದ್ದೆವು. ಉಳಿದ ಮೂರು ಅವರ ನಿದ್ದೆ ಕೆಡಿಸುವ ಪ್ರಶ್ನೆಗಳು ಎಂದು ನಮಗೆ ತಿಳಿದೇ ಇರಲಿಲ್ಲ.

ಒಂದು ಪುಟ ಕನ್ನಡದಲ್ಲಿ ಬರೆದೆವು. ಮೇಲೆ, ನಮಗೆ ಖಚಿತ ಇರುವುದು. ಈ ಸಸ್ಯಗಳಿಗೆ ಬಿಸಿಲು ಬೇಕು, ತೆಳುವಾಗಿ ನಿಂತ ನೀರು ಬೇಕು. ಕಲ್ಲು ಒಡೆದರೆ ನೀರು ನಿಲ್ಲುವ ರೀತಿ ಬದಲಾಗುತ್ತದೆ, ಮರ ಬೆಳೆದರೆ ನೆರಳು ಬೀಳುತ್ತದೆ. ಕೆಳಗೆ, ನಮಗೆ ಗೊತ್ತಿಲ್ಲದ್ದು. ಈ ಪದವಿನ ಮೇಲೆ ಯಾರೂ ಅಧ್ಯಯನ ಮಾಡಿಲ್ಲ. ಮಣಿಪಾಲದ ಕಪ್ಪೆ ಇಲ್ಲಿ ಉಂಟೋ ಇಲ್ಲವೋ ನೋಡಿಲ್ಲ. ವಿಡಿಯೋದಲ್ಲಿ ಗುರುತು ಹಿಡಿಯಲು ಆದ ಗಿಡಗಳ ಪಟ್ಟಿ ಕೊಟ್ಟೆವು. ಆ ಕೆಲಸಕ್ಕೆ ಜಾಸ್ತಿ ಸಹಾಯ ಆದದ್ದು ನಮ್ಮ ಜಿಲ್ಲೆಯವರೇ ಆದ ಸಸ್ಯಶಾಸ್ತ್ರಜ್ಞ ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’. 2003ರಲ್ಲಿ ಬಂದ ಆ ಪುಸ್ತಕ ನಮ್ಮ ಕಾಲೇಜಿನ ಕಪಾಟಿನಲ್ಲಿ ಇತ್ತು. ವಲಯ ಕಚೇರಿಯಲ್ಲಿ ಇರಲಿಲ್ಲ. ನಡುವಿನ ದೂರ ಒಂದು ಬಸ್ಸಿನ ಪ್ರಯಾಣ, ಅಷ್ಟೇ.

‘ಗೊತ್ತಿಲ್ಲ’ ಎಂಬ ಭಾಗ ಹಾಕುವುದು ಬೇಡ, ವಾದ ಸಡಿಲ ಆಗುತ್ತದೆ ಎಂದು ಸಹೋದ್ಯೋಗಿ ಹೇಳಿದ್ದರು. ನಾನು ಹಠ ಮಾಡಿ ಹಾಕಿಸಿದೆ. ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆ ಪುಟ ಓದಿ ಮೊದಲು ಬೆರಳಿಟ್ಟದ್ದು ಅಲ್ಲಿಗೇ. "ಇಷ್ಟು ಗೊತ್ತಿಲ್ಲ ಅಂತ ಬರೆದಿದ್ದಾರೆ, ಹಾಗಾದ್ರೆ ಗೊತ್ತಿದೆ ಅಂದದ್ದನ್ನು ನಂಬಬಹುದು" ಎಂದರಂತೆ. ಮರುವಾರ ತಾವೇ ಜಾಗಕ್ಕೆ ಬರುವುದಾಗಿ ತಿಳಿಸಿದರು.

ಏಪ್ರಿಲ್‌ನ ಒಂದು ಬೆಳಿಗ್ಗೆ

ನನಗೆ ಹೆದರಿಕೆ ಇದ್ದದ್ದು ಇದಕ್ಕೇ. ಏಪ್ರಿಲ್‌ನಲ್ಲಿ ತೋರಿಸಲಿಕ್ಕೆ ಅಲ್ಲಿ ಏನುಂಟು? ಆದರೆ ನಿಧಾನಕ್ಕೆ ನಡೆದರೆ ಸಿಗುತ್ತದೆ. ತಗ್ಗುಗಳಲ್ಲಿ ಒಣಗಿದ ಎರಿಯೋಕಾಲಾನ್ ಕಡ್ಡಿಗಳು ನಿಂತೇ ಇದ್ದವು. ಅಂಗೈಯಲ್ಲಿ ಹಿಡಿದ ಒಂದು ಚಿಟಿಕೆ ಮಣ್ಣಿನಲ್ಲಿ ಬೀಜ ಇತ್ತು. ಹಳದಿ ಟಿಟ್ಟಿಭ ಒಂದು ನಮ್ಮ ತಲೆಯ ಮೇಲೆ ಕೂಗುತ್ತಾ ಸುತ್ತಿತು. ಅರಣ್ಯ ಪಾಲಕರು ಎಲ್ಲರನ್ನೂ ನಿಲ್ಲಿಸಿದರು. ನಾಲ್ಕು ಹೆಜ್ಜೆ ಆಚೆ, ಬರೀ ಕಲ್ಲಿನ ಮೇಲೆ, ಕಲ್ಲಿನದೇ ಬಣ್ಣದ ಮೊಟ್ಟೆ. ಈ ಹಕ್ಕಿ ಬೇಸಿಗೆಯಲ್ಲಿ ಇಂಥ ಬಯಲಿನಲ್ಲೇ ಮೊಟ್ಟೆ ಇಡುವುದು. ಮರದ ಕೆಳಗೆ ಅದಕ್ಕೆ ಆಗುವುದಿಲ್ಲ.

ಆಗಲೇ ದನ ಹೊಡೆದುಕೊಂಡು ಬಂದ ಕೆಳಗಿನ ಮನೆಯ ಅಕ್ಕ ಒಬ್ಬರು ನಿಂತು ನೋಡಿದರು. ಮೇಲಧಿಕಾರಿಗೆ ತುಳು ಬರುವುದಿಲ್ಲ, ವಾಚರ್ ಅಣ್ಣ ಕನ್ನಡ ಮಾಡಿ ಹೇಳಿದರು. ಪದವು ಕುಡಿದ ನೀರೇ ತಮ್ಮ ಬಾವಿಗೆ ಬರುವುದು, ಅಕೇಶಿಯಾ ಬೇಡ, ಆದರೆ ಅಂಚಿನಲ್ಲಿ ನಾಲ್ಕು ಪುನರ್ಪುಳಿ, ನೇರಳೆ ನೆಟ್ಟರೆ ತರಗೆಲೆಗೆ ಆಗುತ್ತದೆ ಎಂಬುದು ಆ ಅಕ್ಕನ ಮಾತು. ಸಾಹೇಬರು ನನ್ನ ಕಡೆ ತಿರುಗಿ, ಬಾವಿಯ ಮಾತು ನಿಜವಾ ಎಂದರು. ಮುರಕಲ್ಲು ತೂತು ತೂತಾದ ಕಲ್ಲು, ನೀರು ಇಳಿಯುವುದು ಹೌದು, ಆದರೆ ಇಲ್ಲಿ ಅಳೆದು ನೋಡಿದವರಿಲ್ಲ ಎಂದೆ. ಅವರು ಎರಡನ್ನೂ ಬರೆದುಕೊಂಡರು, ಅಕ್ಕ ಹೇಳಿದ್ದನ್ನೂ, ನಾನು ಹೇಳಿದ್ದನ್ನೂ.

ಡೇವಿಡ್ ಕ್ಯಾಶ್ ಎಂಬವರು ತಮ್ಮ ಜೊತೆಗಾರರೊಂದಿಗೆ 2003ರಲ್ಲಿ ಬರೆದ ಒಂದು ಮಾತು ಆ ಬಿಸಿಲಿನಲ್ಲಿ ನಿಂತಾಗ ನನಗೆ ಅರ್ಥವಾಯಿತು. ತೀರ್ಮಾನ ಮಾಡುವವರು ಮಾಹಿತಿಯಲ್ಲಿ ಮೂರು ನೋಡುತ್ತಾರೆ. ನನ್ನ ಈಗಿನ ಕೆಲಸಕ್ಕೆ ಬೇಕಾದದ್ದಾ, ನಂಬಬಹುದಾ, ಸಂಬಂಧಪಟ್ಟ ಎಲ್ಲರ ಮಾತೂ ಇದರಲ್ಲಿ ಉಂಟಾ. ನಾವು ಅಲ್ಲಿಯವರೆಗೆ ನಡುವಿನದ್ದಕ್ಕೆ ಮಾತ್ರ ಬೆವರು ಸುರಿಸಿದ್ದೆವು.

ತೀರ್ಮಾನ

ಮೇ ತಿಂಗಳಲ್ಲಿ ಆದೇಶ ಆಯಿತು. ಪದವಿನ ಕಲ್ಲು ಭಾಗಕ್ಕೆ ಯಂತ್ರ ಹೋಗಬಾರದು, ಗಿಡ ನೆಡಬಾರದು. ಮಣ್ಣು ಇರುವ ಅಂಚಿನಲ್ಲಿ ಪುನರ್ಪುಳಿ, ನೇರಳೆ, ಹೊನ್ನೆ. ಉಳಿದ ಹೆಕ್ಟೇರ್‌ಗಳನ್ನು ಅದೇ ವಲಯದಲ್ಲಿ ಕಡಿದು ಮುಗಿದ ಅಕೇಶಿಯಾ ತೋಪಿಗೆ ವರ್ಗಾಯಿಸಿ, ಅಲ್ಲಿ ಸ್ಥಳೀಯ ಜಾತಿ ನೆಡುವುದು. ಹೀಗಾಗಿ ಗುರಿಯ ಸಂಖ್ಯೆ ಕಡಿಮೆ ಆಗಲಿಲ್ಲ. ಒತ್ತುವರಿಯ ಹೆದರಿಕೆಗೆ ಗಡಿಕಲ್ಲು ಮತ್ತು ಗಸ್ತು. ಆಡಿಟ್‌ಗೆ ಉತ್ತರವಾಗಿ, ಬಿಟ್ಟದ್ದು ಯಾಕೆ ಎಂಬ ಕಾರಣ ನಮ್ಮ ಪುಟದ ಸಮೇತ ಕಡತದಲ್ಲಿ. ಹೆಕ್ಟೇರ್‌ಗೆ ಬೇರೆ ಜಾಗ ತೋರಿಸಿದ ಉಪಾಯ ಅಧಿಕಾರಿಯದ್ದೇ. ಅದಿಲ್ಲದಿದ್ದರೆ ನಮ್ಮ ವಿಜ್ಞಾನ ಎಷ್ಟು ಗಟ್ಟಿ ಇದ್ದರೂ ಪದವು ಉಳಿಯುತ್ತಿರಲಿಲ್ಲ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಆಟಿಯಲ್ಲಿ, ಎಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳಲ್ಲಿ, ಎಲ್ಲರೂ ಮತ್ತೆ ಹೋದೆವು. ಕಲ್ಲು ಭಾಗದಲ್ಲಿ ಹೂ ತುಂಬಿತ್ತು. ಉತ್ತರ ಮೂಲೆಯಲ್ಲಿ ನೀರು ಗುಂಡಿಗಳಿಗೆ ಇಳಿದಿತ್ತು, ಸುತ್ತಲಿನ ಕಲ್ಲು ಬೇಗ ಬೇಗ ಒಣಗುತ್ತಿತ್ತು, ಹೂ ಅಲ್ಲೊಂದು ಇಲ್ಲೊಂದು. ಒಂದು ವರ್ಷದ ನೋಟದಿಂದ ಹೆಚ್ಚು ಹೇಳಬಾರದು. ಆದರೆ ಎರಡು ತುಂಡು ಅಕ್ಕಪಕ್ಕ ಇದ್ದದ್ದರಿಂದ ಯಾರಿಗೂ ವಿವರಿಸಬೇಕಾಗಲಿಲ್ಲ. ಅಧಿಕಾರಿ ಆ ಎರಡರ ನಡುವಿನ ಗೆರೆಯ ಮೇಲೆ ಕೊಡೆ ಹಿಡಿದು ತುಂಬ ಹೊತ್ತು ನಿಂತಿದ್ದರು.

ವರ್ಗಾವಣೆ

ಮರುವರ್ಷ ಅವರಿಗೆ ವರ್ಗಾವಣೆ ಆಯಿತು. ಅರಣ್ಯ ಪಾಲಕರಿಗೂ ಬೇರೆ ಗಸ್ತು ಸಿಕ್ಕಿತು. ನಮ್ಮ ವಾಟ್ಸಾಪ್ ಮಾತು, ಫೋಟೋ, ವಿಡಿಯೋ ಎಲ್ಲ ಅವರವರ ಫೋನಿನ ಜೊತೆ ಹೋಯಿತು. ಕಚೇರಿಯಲ್ಲಿ ಉಳಿದದ್ದು ಕಡತಕ್ಕೆ ಸೇರಿದ್ದು ಮಾತ್ರ. ಆದೇಶ, ಒಂದು ಪುಟ, ನಕ್ಷೆ. ಜಾಗ ಆರಿಸುವ ಹೊತ್ತಿನಲ್ಲಿ ಹೊಸ ಅಧಿಕಾರಿ ಪಟ್ಟಿ ಮಾಡುವಾಗ ಅದೇ ಪದವು ಮತ್ತೆ ಮೇಲೆ ಬಂತು, ದಾಖಲೆಯಲ್ಲಿ ಇನ್ನೂ ‘ಕ್ಷೀಣಿಸಿದ ಅರಣ್ಯ’ ಅಲ್ವಾ. ಕಡತ ತೆರೆದಾಗ ಆ ಪುಟ ಸಿಕ್ಕಿತು. ಕೆಳಗೆ ನನ್ನ ನಂಬರ್ ಇತ್ತು.

ಅವರು ಫೋನ್ ಮಾಡಿದಾಗ ನಾನು ವಿವರಿಸಲು ಹೋಗಲಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಬಿಡುವು ಮಾಡಿಕೊಳ್ಳಿ ಎಂದೆ. ಬಂದರು. ನೋಡಿ ಹೋದ ಮೇಲೆ ಎರಡು ಕೆಲಸ ಮಾಡಿದರು. ತಮ್ಮ ವಲಯದಲ್ಲಿ ಮುರಕಲ್ಲು ಇರುವ ಯಾವ ಜಾಗವನ್ನು ಆರಿಸುವುದಿದ್ದರೂ ಅದರ ಹಿಂದಿನ ಮಳೆಗಾಲದಲ್ಲಿ ಒಮ್ಮೆ ನೋಡಿ, ಫೋಟೋ ಸಮೇತ ವರದಿ ಹಾಕಬೇಕು ಎಂದು ಸಿಬ್ಬಂದಿಗೆ ಬರೆದು ಕೊಟ್ಟರು. ಮುಂದಿನ ಕಾರ್ಯ ಯೋಜನೆಯಲ್ಲಿ ಪದವಿಗೆ ಬೇರೆ ಹೆಸರು, ಬೇರೆ ಅಧ್ಯಾಯ ಬೇಕು ಎಂದು ಮೇಲಕ್ಕೆ ಪತ್ರ ಬರೆದರು. ಅದಕ್ಕೆ ಉತ್ತರ ಬರಬೇಕಷ್ಟೇ.

ಉತ್ತರ ಮೂಲೆಯ ಗುಂಡಿಗಳು ಹಾಗೇ ಇವೆ. ಮುಚ್ಚಿದರೆ ನೀರು ಮೊದಲಿನ ಹಾಗೆ ನಿಲ್ಲುತ್ತದಾ, ಇಲ್ಲ ಹೊರಗಿನ ಮಣ್ಣಿನ ಜೊತೆ ಕಳೆ ಬೀಜ ಬರುತ್ತದಾ ಎಂದು ಅವರು ಕೇಳಿದ್ದಾರೆ. ಅಲ್ಲೇ ಅಗೆದು ಹಾಕಿದ ಮುರಕಲ್ಲಿನ ಚೂರಿನಿಂದ ಹತ್ತು ಗುಂಡಿ ಮುಚ್ಚಿ, ಹತ್ತು ಹಾಗೇ ಬಿಟ್ಟು, ಈ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೇವೆ.